ಮಗನ ಜೇಬಿನಲ್ಲಿ ಸಿಕ್ಕ ತೆಳು ಹಾಳೆ

ದಾವಣಗೆರೆ ಕಡೆಯ ತಾಯಿಯೊಬ್ಬರ ಪತ್ರ ಬಂದಿದೆ. ಮಗ ದ್ವಿತೀಯ ಪಿಯುಸಿ. ಬಟ್ಟೆ ನೆನೆಹಾಕುವಾಗ ಪ್ಯಾಂಟಿನ ಜೇಬಿನಲ್ಲಿ ಸಿಗರೇಟು ಸುತ್ತುವ ತೆಳು ಹಾಳೆಯ ಪುಟ್ಟ ಕಟ್ಟು, ಬ್ಯಾಗಿನಲ್ಲಿ ಕಣ್ಣಿಗೆ ಬಿಡುವ ಡ್ರಾಪ್ಸ್ ಸಿಕ್ಕಿವೆ. ಗಾಂಜಾ ಸೇದುತ್ತಿದ್ದಾನೇನೋ ಎಂಬ ಭಯ ಅವರಿಗೆ. "ನಮ್ಮ ಮನೆಯವರಿಗೆ ಹೇಳಿದರೆ ಹೊಡೆದೇ ಬಿಡುತ್ತಾರೆ. ಅವನಿಗೆ ಗೊತ್ತಾಗದ ಹಾಗೆ ಮೂತ್ರ ಪರೀಕ್ಷೆ ಮಾಡಿಸಲೇ? ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸ್ ಆಗುತ್ತದೆಯೇ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಅಮ್ಮಾ, ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಈ ಭಯಕ್ಕೇ ಎಷ್ಟೋ ಹೆತ್ತವರು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಚಿಕಿತ್ಸೆ ಕೇಳಿಕೊಂಡು ವೈದ್ಯರ ಹತ್ತಿರ ಹೋದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿ ನೋಡಿ: ಸೇವನೆಯ ಕೇಸಿನಲ್ಲಿ ಸಿಕ್ಕಿಬಿದ್ದ ವ್ಯಸನಿ ಕೂಡ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ತಪ್ಪಬಹುದು. ಹದಿನೆಂಟು ತುಂಬದವರಿಗೆ ಮಾದಕ ವಸ್ತು ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು ಇದೆ.

ಕದ್ದು ಮೂತ್ರ ಪರೀಕ್ಷೆ ಮಾಡಿಸಬೇಡಿ. ದಿನಾ ಗಾಂಜಾ ಸೇದುವವರ ಮೂತ್ರದಲ್ಲಿ, ಬಿಟ್ಟ ಮೇಲೂ ವಾರಗಟ್ಟಲೆ ಅದರ ಅಂಶ ಉಳಿದಿರುತ್ತದೆ. ಹತ್ತು ದಿನದ ಹಿಂದೆಯೇ ಬಿಟ್ಟ ಹುಡುಗನನ್ನೂ ಅದು ಸುಳ್ಳನನ್ನಾಗಿ ಮಾಡೀತು. ಯಾಕೆ ಸೇದಿದ, ಯಾರ ಜೊತೆ ಸೇದಿದ ಎಂಬುದನ್ನಂತೂ ಯಾವ ಪರೀಕ್ಷೆಯೂ ಹೇಳದು. ಆ ಹಾಳೆಯಲ್ಲಿ ಬರೀ ತಂಬಾಕು ಸುತ್ತಿರಲೂಬಹುದು. ಕಣ್ಣಿನ ಕೆಂಪು ಮರೆಸಲು ಡ್ರಾಪ್ಸ್ ಬಿಟ್ಟಿರಲೂಬಹುದು. ಕೇಳದೆ ತಿಳಿಯುವುದಿಲ್ಲ.

ಇನ್ನೊಂದು ಮಾತು. ನಾವೆಲ್ಲ ಗಾಂಜಾ ಒಂದಕ್ಕೇ ಹೆದರುತ್ತೇವೆ. ಥಿನ್ನರ್, ವೈಟ್ನರ್ ವಾಸನೆ ಕರವಸ್ತ್ರದಲ್ಲಿದ್ದರೆ ಗಮನಕ್ಕೇ ಬರುವುದಿಲ್ಲ. ನಶೆಗೆಂದು ಅದನ್ನು ಮೂಸಿದ ಮೊದಲ ಸಲವೇ ಹೃದಯ ನಿಂತುಹೋಗಬಹುದು. ನಶೆಗೆಂದು ವೈದ್ಯರ ಚೀಟಿಯಿಲ್ಲದೆ ತಂದ ನೋವಿನ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳ ಮೇಲೂ ಕಣ್ಣಿಡಿ.

ಯಜಮಾನರಿಗೆ ಮೊದಲು ನೀವೇ ಹೇಳಿ, ಮಗ ಮನೆಯಲ್ಲಿಲ್ಲದ ಹೊತ್ತು ನೋಡಿ. ಹೊಡೆತಕ್ಕೆ ಹೆದರಿದ ಹುಡುಗ ಚಟ ಬಿಡುವುದಿಲ್ಲ, ಬಚ್ಚಿಡುವ ಜಾಗ ಬದಲಿಸುತ್ತಾನೆ, ಅಷ್ಟೇ. ಇದನ್ನು ಅವರಿಗೆ ಬಿಡಿಸಿ ಹೇಳಿ. ಆಮೇಲೆ ಒಂದು ಸಂಜೆ, ಅವನು ಕಾಫಿ ಕುಡಿಯುತ್ತ ಒಬ್ಬನೇ ಕೂತಿರುವಾಗ, ಆ ಕಟ್ಟನ್ನು ಲೋಟದ ಪಕ್ಕ ಇಡಿ. "ಇದು ನಿನ್ನ ಜೇಬಿನಲ್ಲಿತ್ತು ಕಂದ. ನಂಗೆ ಭಯ ಆಗಿದೆ, ಅದಕ್ಕೇ ಕೇಳ್ತಿದೀನಿ" ಅನ್ನಿ. ಆಮೇಲೆ ಸುಮ್ಮನಿರಿ. ಆ ಮೌನವೇ ಕಷ್ಟ, ಆದರೂ ನೀವು ಅದನ್ನು ತುಂಬಲು ಹೋಗಬೇಡಿ.

ಹೌದು ಎಂದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಕೂಡಿಹಾಕಿ, ಬಡಿದು ಚಟ ಬಿಡಿಸುತ್ತೇವೆ ಎನ್ನುವ ಜಾಗಗಳಿಗೆ ಮಾತ್ರ ದಯವಿಟ್ಟು ಒಯ್ಯಬೇಡಿ.

ಇಲ್ಲ ಎಂದರೆ ಅಂದಿಗೆ ಬಿಟ್ಟುಬಿಡಿ. ಒಂದು ವಾರ ಕಳೆದು ಮತ್ತೆ ಕೇಳಿ. ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.