ಕಿಟಕಿಯಲ್ಲಿ ಲಾರಿ ಹೊಗೆ, ನಕ್ಷೆಯಲ್ಲಿ ಶುದ್ಧ ಗಾಳಿ!

ಪ್ರಶ್ನೆ: ನಮ್ಮ ಮನೆ ಕಾರವಾರದಲ್ಲಿ, ಹೆದ್ದಾರಿ 66ರ ಪಕ್ಕದಲ್ಲೇ. ಲಾರಿ ಹೊಗೆಗೆ ಕಿಟಕಿ ತೆಗೆಯುವ ಹಾಗಿಲ್ಲ. ಆದರೆ ಮಗ ಮೊಬೈಲ್‌ನಲ್ಲಿ ತೋರಿಸಿದ ಸೆಂಟಿನೆಲ್-5ಪಿ ಉಪಗ್ರಹದ ನಕ್ಷೆಯಲ್ಲಿ ನಮ್ಮೂರ ಮೇಲೆ ನೈಟ್ರೋಜನ್ ಡೈಆಕ್ಸೈಡ್ (ವಾಹನದ ಹೊಗೆಯಲ್ಲಿರುವ ಅನಿಲ) ತೀರಾ ಕಡಿಮೆ. ಜುಲೈ ತಿಂಗಳಲ್ಲಂತೂ ಎಷ್ಟೋ ದಿನ ನಕ್ಷೆ ಖಾಲಿ. ಈ ಅಳತೆ ಸರಿಯಿದೆಯೇ ಅಂತ ಪರೀಕ್ಷೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಮೂಗಿನ ಮೇಲೆ ಅನುಮಾನ ಬೇಡ. ಉಪಗ್ರಹ ಅಳೆಯುವುದು ನಿಮ್ಮ ಕಿಟಕಿಯ ಗಾಳಿಯನ್ನಲ್ಲ, ಅಷ್ಟೇ.

2017ರ ಅಕ್ಟೋಬರ್‌ನಲ್ಲಿ ಹಾರಿದ ಈ ಉಪಗ್ರಹ ಅನಿಲವನ್ನು ಮುಟ್ಟುವುದೇ ಇಲ್ಲ. ನೆಲಕ್ಕೆ ಬಡಿದು ಮೇಲೆ ಬರುವ ಬಿಸಿಲಿನಲ್ಲಿ ಈ ಅನಿಲ ನೀಲಿ ಬೆಳಕನ್ನು ಎಷ್ಟು ನುಂಗಿದೆ ಎಂದು ನೋಡಿ ಲೆಕ್ಕ ಹಾಕುತ್ತದೆ. ಅದು ಒಂದೇ ಅಂಕಿ ಕೊಡುವ ಒಂದೊಂದು ತುಂಡು ಜಾಗ ಸುಮಾರು 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲ. ಕಾರವಾರದಲ್ಲಿ ಅಷ್ಟು ಜಾಗ ಅಂದರೆ ಹೆದ್ದಾರಿ, ಗುಡ್ಡ, ಜೊತೆಗೆ ಒಂದಷ್ಟು ಸಮುದ್ರ. ಒಂದು ಚಮಚ ಉಪ್ಪಿನಕಾಯಿಯನ್ನು ಹಂಡೆ ಅನ್ನಕ್ಕೆ ಕಲಸಿದರೆ ಖಾರ ಗೊತ್ತಾಗುತ್ತದೆಯೇ? ಅದೂ ದಿನಕ್ಕೆ ಒಂದೇ ಸಲ, ಮಧ್ಯಾಹ್ನ ಒಂದೂವರೆ ಹೊತ್ತಿಗೆ. ಆಗ ಬಿಸಿಲಿಗೆ ಈ ಅನಿಲ ಬೇಗ ಕರಗುತ್ತದೆ. ರಾತ್ರಿ ಓಡುವ ಲಾರಿಗಳ ಲೆಕ್ಕ ಅದಕ್ಕೆ ಸಿಗುವುದೇ ಇಲ್ಲ.

ಇನ್ನು ಪರೀಕ್ಷೆ. ಅಂಗಡಿಯ ತಕ್ಕಡಿಯನ್ನು ಭಾರ ಗೊತ್ತಿರುವ ತೂಕದ ಕಲ್ಲಿಟ್ಟು ನೋಡುತ್ತೇವಲ್ಲ, ಇಲ್ಲೂ ಹಾಗೆಯೇ. ಆ ಕಲ್ಲಿನ ಜಾಗದಲ್ಲಿ ಪಂಡೋರಾ ಎಂಬ ನೆಲದ ಉಪಕರಣ. ಅದು ಸೂರ್ಯನನ್ನೇ ನೇರ ನೋಡುತ್ತಾ ತಲೆ ಮೇಲಿನ ಇಡೀ ಗಾಳಿಯಲ್ಲಿರುವ ಅನಿಲ ಅಳೆಯುತ್ತದೆ. ಉಪಗ್ರಹ ದಾಟುವ ಹೊತ್ತಿನಲ್ಲಿ, ಅದೇ ಜಾಗದ, ಮೋಡವಿಲ್ಲದ ದಿನಗಳ ಅಳತೆ ತೆಗೆದು ಎರಡನ್ನೂ ಹೋಲಿಸುತ್ತಾರೆ. ಒಂದು ದಿನದ್ದು ಸಾಲದು, ತಿಂಗಳುಗಟ್ಟಲೆ ನೋಡಬೇಕು. ಹೀಗೆ ನೋಡಿದಾಗ ಹೊಗೆ ಜಾಸ್ತಿ ಇರುವ ನಗರಗಳಲ್ಲಿ ಉಪಗ್ರಹ ಕಡಿಮೆ ತೋರಿಸುತ್ತದೆ ಎಂದು ಗೊತ್ತಾಗಿದೆ.

ಯಾಕೆ? ಅನಿಲ ಯಾವ ಎತ್ತರದಲ್ಲಿದೆ ಎಂದು ಉಪಗ್ರಹಕ್ಕೆ ಕಾಣುವುದಿಲ್ಲ. ಅದನ್ನು ಕಂಪ್ಯೂಟರ್ ಮಾದರಿಯಿಂದ ಎರವಲು ಪಡೆಯುತ್ತಾರೆ. ಇಡೀ ಜಗತ್ತಿಗೆ ಬಳಸುವ ಆ ಮಾದರಿಯ ಒಂದೊಂದು ಚೌಕ ಸುಮಾರು 110 ಕಿ.ಮೀ. ಕಾರವಾರದ ಕಡಲೂ ಶಿರಸಿಯ ಅಡಿಕೆ ತೋಟವೂ ಒಂದರಲ್ಲೇ ಹಿಡಿಸುವಷ್ಟು! ಅಷ್ಟು ಜಾಗದಲ್ಲಿ ಒಂದು ನಗರದ ಹೊಗೆ ಹರಡಿ ತೆಳುವಾಗಿಬಿಡುತ್ತದೆ. ನನಗೆ ಅಂಕಿಗಿಂತ ಈ ಎರವಲಿನ ಮೇಲೇ ಅನುಮಾನ ಜಾಸ್ತಿ.

ಜುಲೈ ನಕ್ಷೆ ಖಾಲಿ ಇರುವುದು ಒಳ್ಳೆಯದೇ. ಮೋಡದ ಕೆಳಗೆ ಏನಿದೆ ಎಂದು ಕಾಣದಾಗ ಸುಮ್ನೆ ಅಂಕಿ ತುಂಬಿಲ್ಲ ಎಂದರ್ಥ. ಪ್ರತಿ ಅಳತೆಗೂ 0ರಿಂದ 1ರವರೆಗೆ ಗುಣಮಟ್ಟದ ಅಂಕ ಕೊಟ್ಟಿರುತ್ತಾರೆ. ಈ ಅನಿಲಕ್ಕೆ 0.75ಕ್ಕಿಂತ ಹೆಚ್ಚಿರುವುದನ್ನು ಮಾತ್ರ ಇಟ್ಟುಕೊಳ್ಳಿ.

ಅಂದ ಹಾಗೆ, ಕೈಗಾದ ಮೇಲೆ ಕೆಂಪು ಚುಕ್ಕೆ ಹುಡುಕಬೇಡಿ. ಅದು ಅಣು ಸ್ಥಾವರ, ಅಲ್ಲಿ ಕಲ್ಲಿದ್ದಲು ಉರಿಸುವುದಿಲ್ಲ. ಮಗನಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಸರಾಸರಿ ತೆಗೆದು, ಹಿಂದಿನ ವರ್ಷಗಳ ಅದೇ ತಿಂಗಳುಗಳ ಜೊತೆ ಹೋಲಿಸಲು ಹೇಳಿ. ಕಿಟಕಿಯ ಹೊಗೆಗೆ ಮಾತ್ರ ರಸ್ತೆ ಬದಿಯಲ್ಲೇ ಯಂತ್ರ ಇಟ್ಟು ಅಳೆಯಬೇಕು.