ಏಟು ಬೀಳುವಾಗ ಕ್ಯಾಮೆರಾ ಎಲ್ಲಿ ನಿಂತಿದೆ, ಅದನ್ನು ನೋಡಿ

ಮ್ಯೂಸಿಕ್ ವಿಡಿಯೊಗಳಲ್ಲಿ ಮನೆಯೊಳಗಿನ ಹೊಡೆತ ಬಡಿತವನ್ನು ತೋರಿಸಲು ಯಾವ ಯಾವ ಕ್ಯಾಮೆರಾ ತಂತ್ರ ಬಳಸುತ್ತಾರೆ, ಅಸೈನ್‌ಮೆಂಟಿಗೆ ಒಂದು ಪಟ್ಟಿ ಬೇಕು ಎಂದು ಕೇಳಿದ್ದೀರಿ. ಪಟ್ಟಿ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಕೆಳಗಿನಿಂದ ಹಿಡಿದರೆ (ಲೋ ಆ್ಯಂಗಲ್) ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ, ಮೇಲಿನಿಂದ ಹಿಡಿದರೆ ಕುಗ್ಗಿ ಕಾಣುತ್ತಾನೆ. ಕ್ಯಾಮೆರಾ ಕೈಯಲ್ಲಿ ಹಿಡಿದು ಅಲುಗಿಸಿದರೆ ದಿಗಿಲು. ಬಾಗಿಲು, ಕಿಟಕಿ ಸರಳುಗಳ ನಡುವೆ ಹಿಡಿದರೆ ಸಿಕ್ಕಿಬಿದ್ದ ಭಾವ. ಮುಗೀತು. ಆದರೆ ಈ ಪಟ್ಟಿಯನ್ನು ನಂಬಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಅದನ್ನು ಹೇಳಿದರೆ ನಿಮಗೆ ಜಾಸ್ತಿ ಉಪಯೋಗ ಆಗಬಹುದು.

ನಾನು ಮದುವೆ ವಿಡಿಯೊ ಎಡಿಟ್ ಮಾಡಿ ಬದುಕುವವನು. ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಸೇರಿ ಊರಿನ ಒಂದು ಮಹಿಳಾ ಸಂಘಕ್ಕೆ ನಾಲ್ಕು ನಿಮಿಷದ ಹಾಡು ಮಾಡಿಕೊಟ್ಟೆವು. ಕುಡಿದು ಬಂದು ಹೆಂಡತಿಗೆ ಹೊಡೆಯುವ ಗಂಡನ ಕಥೆ. ಗೆಳೆಯನ ಬಾಡಿಗೆ ಮನೆ, ಒಂದು ಕ್ಯಾಮೆರಾ, ಎರಡು ಲೈಟು. ಗಂಡನ ಪಾತ್ರದವನು ಬಾಗಿಲು ದಾಟಿ ಬರುವುದನ್ನು ನೆಲದ ಮಟ್ಟದಿಂದ ಹಿಡಿದೆವು, ಹಿಂದೆ ಬೆಳಕಿಟ್ಟು. ಕೆನ್ನೆಗೆ ಏಟು ಬೀಳುವುದನ್ನು ಸ್ಲೋ ಮೋಷನ್ ಮಾಡಿದೆ. ತಮಟೆಯ ಏಟೂ ಕೆನ್ನೆಯ ಏಟೂ ಒಂದೇ ಫ್ರೇಮಿನಲ್ಲಿ ಬೀಳುವ ಹಾಗೆ ಕೂರಿಸಿದೆ. ಕೂರಿಸಿ ನನಗೇ ಖುಷಿಯಾಯಿತು.

ಸಂಘದವರಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದಾಗ ಹಿಂದೆ ಕೂತಿದ್ದ ಒಬ್ಬ ಹಿರಿಯಮ್ಮ ಕೇಳಿದರು: ‘ಯಾಕಪ್ಪಾ, ಹೊಡೆಯೋನೇ ಹೀರೋ ಥರ ಕಾಣ್ತಾನಲ್ಲ?’

ನಿಜ. ಕೆಳಗಿನಿಂದ ಹಿಡಿದ ಕಾಲು, ಹಿಂಬದಿಯ ಬೆಳಕು, ಸ್ಲೋ ಮೋಷನ್: ನಮ್ಮ ಸಿನಿಮಾಗಳಲ್ಲಿ ಹೀರೋ ಎಂಟ್ರಿಗೆ ಮಾಡುವುದೂ ಇದನ್ನೇ ಅಲ್ವಾ? ಪುಸ್ತಕದಲ್ಲಿ ‘ಬೆದರಿಸುವ ಆ್ಯಂಗಲ್’ ಅಂತ ಇದ್ದದ್ದು ನಮ್ಮೂರ ಪರದೆಯ ಮೇಲೆ ಶಿಳ್ಳೆಯ ಆ್ಯಂಗಲ್ ಆಗಿತ್ತು. ಅದಕ್ಕಿಂತ ದೊಡ್ಡ ತಪ್ಪು ತಮಟೆಯದು. ಮ್ಯೂಸಿಕ್ ವಿಡಿಯೊಗೂ ಸಿನಿಮಾಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಹಾಡು ಎಡಿಟ್ ಮಾಡುವವನ ಕೈ ತಾನಾಗಿಯೇ ತಾಳದ ಮೇಲೆ ಕಟ್ ಮಾಡುತ್ತದೆ. ಹೊಡೆತ ತಾಳಕ್ಕೆ ಸರಿಯಾಗಿ ಬಿದ್ದರೆ ನೋಡುವವರ ತಲೆ ತೂಗುತ್ತದೆ. ಮನಸ್ಸು ಬೇಡ ಅಂದರೂ ಮೈ ಒಪ್ಪಿಬಿಡುತ್ತದೆ.

ಹಿಂಸೆ ಚಂದ ಕಾಣುವ ಇದೇ ತೊಡಕು ದೊಡ್ಡವರ ವಿಡಿಯೊಗಳಲ್ಲೂ ಇದೆ. ಅಮೆರಿಕದ ರ್‍ಯಾಪರ್ ಎಮಿನೆಮ್ ಮತ್ತು ಗಾಯಕಿ ರಿಹಾನ್ನಾ ಹಾಡಿದ ‘ಲವ್ ದ ವೇ ಯೂ ಲೈ’ ವಿಡಿಯೊ 2010ರ ಆಗಸ್ಟ್‌ನಲ್ಲಿ ಬಂತು. ನಿರ್ದೇಶಕ ಜೋಸೆಫ್ ಕಾನ್. ಜೋಡಿಯಾಗಿ ನಟಿಸಿದವರು ಮೇಗನ್ ಫಾಕ್ಸ್ ಮತ್ತು ಡೊಮಿನಿಕ್ ಮೊನಹನ್. ಇವರ ಕಥೆ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿರುವಲ್ಲಿ ಶುರುವಾಗುತ್ತದೆ, ಕೊನೆಗೆ ಮತ್ತೆ ಅದೇ ಹಾಸಿಗೆಗೆ ಬರುತ್ತದೆ. ಹೊಡೆಯುವುದು, ಅಳುವುದು, ಒಂದಾಗುವುದು, ಮತ್ತೆ ಹೊಡೆಯುವುದು. ಆ ಸುತ್ತನ್ನು ಮಾತಿಲ್ಲದೆ, ಆ ಜೋಡಿಯ ಮೊದಲ ಶಾಟು ಕೊನೆಯ ಶಾಟು ಜೋಡಿಸಿಯೇ ಹೇಳಿದ್ದಾರೆ. ಇದು ನನಗೆ ತುಂಬ ಇಷ್ಟ. ಆದರೆ ನಡುವೆ ಉರಿಯುವ ಮನೆ, ಮೈಗೆ ಹತ್ತುವ ಬೆಂಕಿ, ಚಂದದ ಮುಖಗಳ ಮೇಲೆ ಆ ಕಿತ್ತಳೆ ಬೆಳಕು! ಜಗಳ ಕೂಡ ಪ್ರಣಯದ ಹಾಗೆ ಕಾಣುತ್ತದೆ. ಹಿಂಸೆಗೆ ಮೇಕಪ್ ಹಾಕಿದ್ದಾರೆ ಎಂದು ಆಗಲೇ ಹಲವರು ಬೈದರು. ಸಿಕ್ಕಿಬಿದ್ದವರಿಗೆ ಒಳಗಿನಿಂದ ಅದು ಹಾಗೇ ಕಾಣುತ್ತದೆ ಎಂದು ವಾದಿಸಿದವರೂ ಇದ್ದಾರೆ. ನಾನು ಬೈದವರ ಕಡೆ, ಆದರೆ ಅರ್ಧ ಮನಸ್ಸಿನಿಂದ.

ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಧಾಟಿಯ ಸಂಗೀತ) ಗಾಯಕ ಗಾರ್ತ್ ಬ್ರೂಕ್ಸ್ ಅವರ ‘ದ ಥಂಡರ್ ರೋಲ್ಸ್’ (1991) ಕಥೆಯೇ ಬೇರೆ. ರೆಕಾರ್ಡಿನ ಹಾಡಿನಲ್ಲಿ ಇರುವುದು ಬೇರೆ ಹೆಂಗಸಿನ ಸಹವಾಸ ಮುಗಿಸಿ ಮಳೆಯಲ್ಲಿ ಮನೆಗೆ ಬರುವ ಗಂಡ, ಕಾಯುವ ಹೆಂಡತಿ, ಗುಡುಗು. ಹೊಡೆತದ ಮಾತೇ ಇಲ್ಲ. ಹೊಡೆತವನ್ನು ಸೇರಿಸಿದ್ದು ವಿಡಿಯೊ. ಗಡ್ಡ, ವಿಗ್ಗು ಹಾಕಿಕೊಂಡು ಆ ಗಂಡನಾಗಿ ನಟಿಸಿದ್ದು ಬ್ರೂಕ್ಸ್ ಅವರೇ. ಕೊನೆಗೆ ಹೆಂಡತಿ ಬಂದೂಕು ಹಿಡಿಯುತ್ತಾಳೆ. ಎರಡು ದೊಡ್ಡ ಕಂಟ್ರಿ ಚಾನೆಲ್‌ಗಳು ಅದನ್ನು ಹಾಕುವುದಿಲ್ಲ ಎಂದವು. ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅದಕ್ಕೇ ವರ್ಷದ ವಿಡಿಯೊ ಪ್ರಶಸ್ತಿ ಕೊಟ್ಟಿತು. ಅಸೈನ್‌ಮೆಂಟಿಗೆ ಇದನ್ನು ಬಿಡಬೇಡಿ. ಹಾಡು ಹೇಳದ್ದನ್ನು ಚಿತ್ರ ಹೇಳಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಐರ್ಲೆಂಡಿನ ಗಾಯಕ ಹೋಜಿಯರ್ ಅವರ ‘ಚೆರ್ರಿ ವೈನ್’ (2016) ಇದಕ್ಕೆ ಪೂರ್ತಿ ವಿರುದ್ಧ. ನಿರ್ದೇಶಕಿ ಡರ್ವ್ಲಾ ವಾಲ್ಷ್, ನಟಿ ಸರ್ಶಾ ರೋನನ್. ಬೆಂಕಿ ಇಲ್ಲ, ಗುಡುಗಿಲ್ಲ. ಕ್ಯಾಮೆರಾ ಅವಳ ಮುಖದ ಹತ್ತಿರವೇ ಸುಮ್ಮನೆ ಕಾಯುತ್ತದೆ. ಅವಳು ಮೇಕಪ್ ಒರೆಸಿಕೊಳ್ಳುತ್ತಾಳೆ. ಒರೆಸಿದ ಹಾಗೆ ಕೆಳಗಿನ ಗಾಯದ ಗುರುತು ಹೊರಗೆ ಬರುತ್ತದೆ. ಅಷ್ಟು ಹೊತ್ತು ನಾವು ಚಂದ ಅಂದುಕೊಂಡು ನೋಡಿದ್ದೇ ಮುಚ್ಚಿಟ್ಟ ಗಾಯ ಆಗಿತ್ತು. ಕ್ಲೋಸಪ್ ಅನ್ನು ಹೀಗೂ ಬಳಸಬಹುದಾ ಅನ್ನಿಸಿತು ನನಗೆ. ಹಾಡಿನಲ್ಲಿ ಏಟು ತಿನ್ನುವವನು ಗಂಡಸು, ವಿಡಿಯೊದಲ್ಲಿ ಹೆಂಗಸು. ಈ ಬದಲಾವಣೆ ಬಗ್ಗೆಯೂ ನೀವು ಒಂದು ಪುಟ ಬರೆಯಬಹುದು.

ನಮ್ಮ ದೇಶದಲ್ಲಿ ಎರಡು ನೋಡಿ. 2000ದ ಸುಮಾರಿಗೆ ಬಂದ ಶುಭಾ ಮುದ್ಗಲ್ ಹಾಡಿದ ‘ಮನ್ ಕೆ ಮಂಜೀರೆ’. ಗಂಡನ ಕಾಟ ತಾಳದೆ ಮನೆ ಬಿಟ್ಟು ಲಾರಿ ಚಾಲಕಿಯಾದ ನಿಜವಾದ ಹೆಂಗಸೊಬ್ಬಳಿಂದ ಹುಟ್ಟಿದ ವಿಡಿಯೊ, ನಟಿ ಮೀತಾ ವಶಿಷ್ಠ. ಅಲ್ಲಿ ನೆನಪಲ್ಲಿ ಉಳಿಯುವುದು ಹೊಡೆತ ಅಲ್ಲ, ಅವಳ ಕೈಯಲ್ಲಿರುವ ಸ್ಟೇರಿಂಗು. ಅದನ್ನು ಮಾಡಿಸಿದ, ಹೆಣ್ಣುಮಕ್ಕಳ ಹಕ್ಕುಗಳಿಗಾಗಿ ಕೆಲಸ ಮಾಡುವ ಬ್ರೇಕ್‌ಥ್ರೂ ಸಂಸ್ಥೆಯೇ 2008ರಲ್ಲಿ ‘ಬೆಲ್ ಬಜಾವೊ’ (ಬೆಲ್ ಬಾರಿಸಿ) ಜಾಹೀರಾತುಗಳನ್ನು ತಂದಿತು. ಮ್ಯೂಸಿಕ್ ವಿಡಿಯೊ ಅಲ್ಲ, ಆದರೂ ನಾನು ಕಲಿತದ್ದು ಅಲ್ಲೇ. ಪಕ್ಕದ ಮನೆಯಿಂದ ಕೂಗಾಟ ಕೇಳುತ್ತದೆ. ಒಬ್ಬ ಎದ್ದು ಹೋಗಿ ಬೆಲ್ ಒತ್ತಿ ಒಂದು ಕಪ್ ಹಾಲು ಕೇಳುತ್ತಾನೆ. ಇನ್ನೊಂದರಲ್ಲಿ ಕ್ರಿಕೆಟ್ ಆಡುವ ಹುಡುಗರು ಬಾಲ್ ಕೇಳಲು ಬರುತ್ತಾರೆ. ಹೊಡೆತ ನಮಗೆ ಕಾಣುವುದೇ ಇಲ್ಲ. ಕ್ಯಾಮೆರಾ ಬಾಗಿಲ ಹೊರಗೆ ನಿಂತಿದೆ, ಅಂದರೆ ನಾವೂ ಹೊರಗೆ, ಅಕ್ಕಪಕ್ಕದವರ ಜಾಗದಲ್ಲಿ. ಕೇಳಿಸಿಕೊಂಡ ಮೇಲೆ ‘ನಂಗೆ ಗೊತ್ತಿರಲಿಲ್ಲ’ ಅನ್ನುವ ಹಾಗಿಲ್ಲ.

ಹಿರಿಯಮ್ಮನ ಆ ಮಾತಾದ ಮೇಲೆ ನಾನು ನಮ್ಮ ಹಾಡನ್ನು ಮತ್ತೆ ಕಟ್ ಮಾಡಲು ಕೂತೆ. ಮತ್ತೆ ಶೂಟ್ ಮಾಡಲು ದುಡ್ಡಿರಲಿಲ್ಲ. ಬೇಡವೆಂದು ಬಿಟ್ಟಿದ್ದ ಶಾಟುಗಳನ್ನೆಲ್ಲ ಹುಡುಕಿದೆ. ಒಂದರಲ್ಲಿ ಮಗಳ ಪಾತ್ರದ ಹುಡುಗಿ ಹೊಸ್ತಿಲ ಹತ್ತಿರ ಕೂತು ಮಗ್ಗಿ ಬರೆಯುತ್ತಿದ್ದಾಳೆ. ಹೊರಗೆ ಯಾವುದೋ ಟೆಂಪೊ ಹಾರ್ನ್ ಹೊಡೆದದ್ದಕ್ಕೆ ಅವಳ ಪೆನ್ಸಿಲ್ ನಿಂತಿದೆ. ಎರಡು ಸೆಕೆಂಡ್. ಆಮೇಲೆ ತಲೆ ಎತ್ತದೆಯೇ ಮತ್ತೆ ಬರೆಯಲು ಶುರು ಮಾಡಿದ್ದಾಳೆ. ಏಟಿನ ಶಾಟ್ ತೆಗೆದು ಅಲ್ಲಿ ಇದನ್ನು ಹಾಕಿದೆ. ತಮಟೆಯನ್ನು ಆ ಎರಡು ಸೆಕೆಂಡ್ ಪೂರ್ತಿ ನಿಲ್ಲಿಸಿದೆ. ಏಟಿನ ಸದ್ದು ಮಾತ್ರ, ಅದೂ ತಾಳ ತಪ್ಪಿಸಿ, ಎಲ್ಲಿಂದಲೋ ಬಂದ ಹಾಗೆ. ಲೋ ಆ್ಯಂಗಲ್ ಎಂಟ್ರಿ ಹೋಯಿತು. ಗಂಡನ ಮುಖ ಇಡೀ ಹಾಡಿನಲ್ಲಿ ಒಂದೇ ಸಲ ಬರುತ್ತದೆ, ಬೆಳಿಗ್ಗೆ ಕಾಫಿ ಕುಡಿಯುವಾಗ. ಅವನು ಎಲ್ಲರ ಹಾಗೇ ಇದ್ದಾನೆ.

ನಿಮ್ಮ ಅಸೈನ್‌ಮೆಂಟಿಗೆ ಒಂದು ಕೆಲಸ ಮಾಡಿ. ಪ್ರತಿ ವಿಡಿಯೊವನ್ನೂ ಮೊದಲು ಸೌಂಡ್ ತೆಗೆದು ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಏಟು ಯಾವುದರಲ್ಲಿ ಇದೆ, ಚಿತ್ರದಲ್ಲೋ ಸದ್ದಿನಲ್ಲೋ, ಆಗ ಕ್ಯಾಮೆರಾ ಯಾರ ಪಕ್ಕದಲ್ಲಿದೆ, ಇಷ್ಟು ಬರೆದುಕೊಂಡರೆ ಅರ್ಧ ಕೆಲಸ ಆದಂತೆ.

ನಮ್ಮ ಹಾಡಿನ ಲಿಂಕ್ ಮಾತ್ರ ಕೇಳಬೇಡಿ, ಅದು ಸಂಘದವರದು. ಗಂಡನ ಪಾತ್ರ ಮಾಡಿದ ಗೆಳೆಯನ ಹತ್ತಿರ ಮೊದಲ ಕಟ್ ಇನ್ನೂ ಇದೆ. ಪ್ರತಿ ವರ್ಷ ತನ್ನ ಹುಟ್ಟುಹಬ್ಬಕ್ಕೆ ಆ ಲೋ ಆ್ಯಂಗಲ್ ಎಂಟ್ರಿಯನ್ನು ಸ್ಟೇಟಸ್‌ಗೆ ಹಾಕಿಕೊಳ್ಳುತ್ತಾನೆ, ತಮಟೆ ಸಮೇತ.