ಭೂಮಿಯ ಕಕ್ಷೆ ಸುರುಳಿಯಾಗುತ್ತಿದ್ದರೆ

ಸಿಮ್ಯುಲೇಶನ್‌ನಲ್ಲಿ ಭೂಮಿ ಸುತ್ತು ಸುತ್ತಿಗೂ ಸೂರ್ಯನಿಂದ ದೂರ ಹೋಗುತ್ತಿದೆ, ಗುರುತ್ವದ ಸೂತ್ರ ತಪ್ಪಾ ಅಂತ ಕೇಳಿದ್ದೀರಿ. ಕೋಡ್ ನೋಡಿದೆ, ಸೂತ್ರ ಸರಿಯಾಗಿಯೇ ಇದೆ. ತೊಂದರೆ ಇರುವುದು ಆಯ್ಲರ್ ವಿಧಾನದಲ್ಲಿ, ಅಂದರೆ ಕಾಲವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಪ್ರತಿ ಹೆಜ್ಜೆಗೂ ಸ್ಥಾನ, ವೇಗ ಲೆಕ್ಕ ಹಾಕುವ ರೀತಿಯಲ್ಲಿ. ಹಳೆಯ ವೇಗದಿಂದಲೇ ಸ್ಥಾನ ಲೆಕ್ಕ ಹಾಕಿದರೆ ಭೂಮಿ ಪ್ರತಿ ಹೆಜ್ಜೆಗೂ ನೇರ ಹೋಗಿ, ಕಕ್ಷೆಯಿಂದ ಸ್ವಲ್ಪ ಹೊರಗೆ ಬೀಳುತ್ತದೆ. ಇಲ್ಲದ ಶಕ್ತಿ ಸೇರುತ್ತಾ ಹೋಗುತ್ತದೆ. ಕೋಡ್‌ನಲ್ಲಿ ಸ್ಥಾನ ಮತ್ತು ವೇಗ ಬದಲಿಸುವ ಎರಡು ಸಾಲು ಅದಲು ಬದಲು ಮಾಡಿ: ಮೊದಲು ವೇಗ, ಆಮೇಲೆ ಆ ಹೊಸ ವೇಗದಿಂದ ಸ್ಥಾನ. ಒಟ್ಟು ಶಕ್ತಿಯನ್ನೂ ಪ್ರಿಂಟ್ ಮಾಡಿ. ಅದು ಸ್ವಲ್ಪ ಏರಿಳಿಯಬಹುದು, ಏರುತ್ತಲೇ ಹೋಗಬಾರದು.

ಮುಂದೆ ಬುಧನನ್ನೂ ಸೇರಿಸುತ್ತೀರಿ ಅಲ್ವಾ? ಅದರ ಕಕ್ಷೆ ನ್ಯೂಟನ್ ಲೆಕ್ಕಕ್ಕಿಂತ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಜಾಸ್ತಿ ತಿರುಗುವುದಕ್ಕೆ ಐನ್‌ಸ್ಟೈನ್‌ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವೇ ಬೇಕು. ನ್ಯೂಟನ್ ಸೂತ್ರದಲ್ಲಿ ಹೆಜ್ಜೆ ಎಷ್ಟೇ ಚಿಕ್ಕದು ಮಾಡಿದರೂ ಅದು ಬರುವುದಿಲ್ಲ. ಬಂದಂತೆ ಕಂಡರೆ ನಂಬಬೇಡಿ, ಅದು ಲೆಕ್ಕದ ವಿಧಾನದ ದೋಷ; ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿ.